ಹೊಸ್ತಿಲ ಒಳಗಿನ ಕೆಂಚ

ನಮ್ಮ ಮನೆಯಲ್ಲಿ ಪೇಪರನ್ನು ಈಗಲೂ ಯಾರೂ ನೆಲದ ಮೇಲೆ ಹರಡಿಕೊಂಡು ಓದುವುದಿಲ್ಲ. ನನ್ನ ಗಂಡ ಅದನ್ನು ನಾಲ್ಕಾಗಿ ಮಡಚಿ, ರಶ್ಶಾದ ಬಸ್ಸಿನಲ್ಲಿ ನಿಂತು ಓದುವವರ ಹಾಗೆ ಮೂಗಿನ ಹತ್ತಿರ ಹಿಡಿದು ಓದುತ್ತಾರೆ. ಮನೆಗೆ ಬಂದ ನೆಂಟರು, "ಇಷ್ಟು ದೊಡ್ಡ ಹಾಲ್ ಇಟ್ಕೊಂಡು ಇದೇನ್ ಹಿಂಗೆ ಓದ್ತೀರಲ್ರೀ?" ಎಂದು ಕೇಳಿದರೆ, ಬಾಗಿಲ ಹತ್ತಿರ ಮಲಗಿರುವ ಕೆಂಚನ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ನೀವು ನಾಯಿಮರಿ ಸಾಕಿದವರಾದರೆ ಇಷ್ಟಕ್ಕೇ ನಗುತ್ತಿರುತ್ತೀರಿ. ಸಾಕಿಲ್ಲದಿದ್ದರೆ ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮದು ವರ್ತೂರು. ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ನಾಲ್ಕಂತಸ್ತಿನ ಮನೆ ನಿಂತಿದೆ. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಆ ವರ್ಷ ಆಷಾಢದಲ್ಲಿ ಪಕ್ಕದ ಖಾಲಿ ಸೈಟಿಗೆ ಪಾಯ ತೋಡಲು ಜೆಸಿಬಿ ಬಂತು. ಅಲ್ಲಿ ಮರಿ ಹಾಕಿದ್ದ ಬೀದಿನಾಯಿ ತನ್ನ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿತು. ಕೊನೆಯದನ್ನು ಒಯ್ಯಲು ಮಾತ್ರ ಬರಲೇ ಇಲ್ಲ. ಸಂಜೆಯ ತನಕ ಕಾದು, ಮಳೆ ಹನಿಯತೊಡಗಿದ ಮೇಲೆ ನಮ್ಮ ಮಗಳು ಸಿಂಚನಾ ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಕಾಲೇಜಿಗೆ ಹೋಗುವ ಹುಡುಗಿ, ಒಂದು ಲೋಟ ತೊಳೆದಿಡು ಎಂದರೆ ಮುಖ ಊದಿಸುವವಳು, ಆ ಕೆಸರು ಮುದ್ದೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ನನ್ನ ಅತ್ತೆ ಹೊಸ್ತಿಲ ಮೇಲೇ ಅವಳನ್ನು ತಡೆದರು. ನಮ್ಮ ಮನೆಯಲ್ಲಿ ಹೊಸ್ತಿಲು ಅಂದರೆ ಅತ್ತೆಯ ಖಾತೆ. ಬೆಳಿಗ್ಗೆ ಎದ್ದು ಅದನ್ನು ತೊಳೆದು, ಅರಿಸಿನ ಬಳಿದು, ಎರಡು ಹೂವಿಡದೆ ಅವರು ಕಾಫಿ ಕುಡಿಯುವುದಿಲ್ಲ.

"ನಾಯಿ ಅಂದ್ಮೇಲೆ ಅಂಗಳದಲ್ಲಿರ್ಬೇಕು. ಒಸ್ಲು ದಾಟಂಗಿಲ್ಲ" ಎಂದರು.

"ಅಜ್ಜಿ, ಅಂಗಳ ಎಲ್ಲಿದೆ ಈಗ? ಕಾರ್ ನಿಲ್ಸಿದೀವಲ್ಲ" ಎಂದಳು ಸಿಂಚನಾ.

ಅತ್ತೆ ಕಾರಿನ ಕಡೆ ನೋಡಿದರು. ಮಳೆಯೂ ಜೋರಾಯಿತು. ಕೊನೆಗೆ ಒಂದು ರಾಜಿ ಆಯಿತು. ಪಿತೃಪಕ್ಷದಲ್ಲಿ ನಾವು ಹಿರಿಯರ ಹಬ್ಬ ಮಾಡುತ್ತೇವೆ. ತೀರಿಹೋದ ಮಾವನವರಿಗೆ, ಅವರ ಅಪ್ಪ ಅಮ್ಮನಿಗೆ ಹಾಲಿನ ನೆಲದ ಮೇಲೆ ಬಾಳೆಲೆ ಹಾಕಿ ಎಡೆ ಇಡುತ್ತೇವೆ. ಅಂಥ ನೆಲ ಮೈಲಿಗೆಯಾದರೆ ಅತ್ತೆ ಸಹಿಸುವವರಲ್ಲ.

"ಇರೀರ ಅಬ್ಬದೊತ್ಗೆ ಉಚ್ಚೆಗೆ ಒರಗೆ ಓಗಾದು ಕಲ್ತ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾರಾಯ್ಣಪ್ಪನ ಕೋಳಿ ಫಾರಂಗೆ ಓಗ್ಲಿ. ಅಲ್ಲಿ ಸರಪಣಿ ಆಕ್ಕೊಂಡು ಬಿದ್ದಿರ್ತದೆ" ಎಂದರು. ನಾರಾಯಣಪ್ಪ ಅತ್ತೆಯ ತಮ್ಮ, ಮಾಲೂರಿನ ಹತ್ತಿರ ಕೋಳಿ ಸಾಕುವವರು. ಅಲ್ಲಿಯ ನಾಯಿಗಳನ್ನು ನಾನು ನೋಡಿದ್ದೆ. ಸರಪಣಿಯ ಉದ್ದಕ್ಕೆ ಸರಿಯಾಗಿ ಸವೆದ ಮಣ್ಣಿನ ವೃತ್ತದೊಳಗೆ ಅವು ಸುತ್ತುತ್ತಲೇ ಇರುತ್ತವೆ. ಸಿಂಚನಾ ನನ್ನ ಮುಖ ನೋಡಿದಳು. "ಕಲಿಸ್ತೀನಿ ಬಿಡು" ಎಂದುಬಿಟ್ಟೆ.

ಈ ಧೈರ್ಯ ಎಲ್ಲಿಂದ ಬಂತೆಂದರೆ, ನಾನು ವೈಟ್‌ಫೀಲ್ಡ್ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಡಂ. ನಾನು ಸೀಟಿ ಊದಿದರೆ ಮೈದಾನದ ತುಂಬ ಚೆಲ್ಲಾಪಿಲ್ಲಿಯಾದ ಹುಡುಗರು ಸಾಲಾಗಿ ನಿಲ್ಲುತ್ತಾರೆ. ಒಂದು ಮರಿ ಯಾವ ಲೆಕ್ಕ? ಮಾರನೆಯ ಬೆಳಿಗ್ಗೆ ಅದು ಸೋಫಾದ ಕಾಲಿನ ಹತ್ತಿರ ಗುಂಡಗೆ ತಿರುಗತೊಡಗಿದ್ದೇ ತಡ, ನಾನು ಸೀಟಿ ಊದಿದೆ. ಮರಿ ಹೆದರಿ, ಆಗಬೇಕಾದ್ದನ್ನು ಇನ್ನೂ ಬೇಗ, ಇನ್ನೂ ಧಾರಾಳವಾಗಿ, ನನ್ನ ಪಾದದ ಮೇಲೇ ಮುಗಿಸಿತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಆಮೇಲೆ ಶುರುವಾದದ್ದು ಪೇಪರಿನ ಪರ್ವ. ಸಿಂಚನಾ ಫೋನಿನಲ್ಲಿ ನೋಡಿ, ಮೂಲೆಯಲ್ಲಿ ಪೇಪರು ಹಾಸಬೇಕು, ಅಲ್ಲೇ ಮಾಡಲು ಕಲಿಸಬೇಕು ಎಂದಳು. ಹಾಸಿದೆವು. ಮರಿ ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಪೇಪರು ಎಲ್ಲಿ ಕಂಡರೂ ಅದು ತನಗೇ ಹಾಸಿದ್ದೆಂದು ತಿಳಿಯಿತು. ನನ್ನ ಗಂಡನಿಗೆ ಆಗ ನೆಲದ ಮೇಲೆ ಪೇಪರು ಹರಡಿ, ಮೊಣಕೈ ಊರಿ ಮಲಗಿ ಓದುವ ಅಭ್ಯಾಸ. ಒಂದು ಭಾನುವಾರ ಅವರು ಕ್ರೀಡಾಪುಟದಲ್ಲಿ ಮುಳುಗಿದ್ದಾಗ ಮರಿ ವಿನಯದಿಂದ ಬಂದು, ಪುಟದ ನಡುವೆ ನಿಂತು, ಅವರ ಮುಖವನ್ನೇ ನೋಡುತ್ತ ಕೆಲಸ ಮುಗಿಸಿ, ಹೊಗಳಿಕೆಗಾಗಿ ಬಾಲ ಆಡಿಸಿತು. ಹೊಗಳದೆ ಹೇಗೆ ಇರುವುದು? ಹೇಳಿಕೊಟ್ಟದ್ದನ್ನೇ ತಾನೆ ಮಾಡಿದ್ದು? ಅವರು ಎದ್ದು ಬನಿಯನ್ ಹಿಂಡಿಕೊಳ್ಳುತ್ತಲೇ "ಭೇಷ್ ಕಣೋ" ಎಂದರು.

ಅತ್ತೆ ಇದನ್ನೆಲ್ಲ ನೋಡಿ, "ಆ ಕೆಂಚು ಮುಂಡೇದಕ್ಕೆ ಓದು ಬರಾದೊಂದು ಬಾಕಿ" ಎಂದರು. ಸಿಂಚನಾ ಬ್ರೂನೋ ಎಂದು ಹೆಸರಿಡಬೇಕೆಂದಿದ್ದಳು. ಆದರೆ ಮೈಬಣ್ಣಕ್ಕೆ ಸರಿಯಾಗಿ ಕೆಂಚ ಎಂಬುದೇ ನಿಂತಿತು. ಹೀಗೆ, ಬೇಡವೆಂದವರೇ ಅವನಿಗೆ ಹೆಸರಿಟ್ಟದ್ದು.

ಪೇಪರು ಬೇಡ, ಮಣ್ಣಿಗೇ ಕರೆದೊಯ್ಯೋಣ ಎಂದು ನಿಶ್ಚಯಿಸಿ ನಾನು ಬೆಳಿಗ್ಗೆ ಅವನನ್ನು ಎತ್ತಿಕೊಂಡು ಹೊರಗೆ ಬಂದೆ. ಬಂದ ಮೇಲೆ ಗೊತ್ತಾಯಿತು, ಮಣ್ಣೇ ಇಲ್ಲ. ನಮ್ಮ ಕಾಂಪೌಂಡಿಗೆ ಅಂಚಿನಿಂದ ಅಂಚಿಗೆ ಸಿಮೆಂಟು ಟೈಲ್ಸು. ಬೀದಿಗೆ ಕಾಂಕ್ರೀಟು. ಮೋರಿಯ ಮೇಲೆ ಚಪ್ಪಡಿ. ಪಕ್ಕದ ಸೈಟಿಗೆ ತಗಡಿನ ಬೇಲಿ. ಎದುರಿನ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಹಸಿರು ಹುಲ್ಲು ಕಂಡಿತು. ಅದು ಹಿಂದೆ ನಮ್ಮದೇ ಹೊಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಲ್ಲಿ ಅವರೆಕಾಯಿ ಬಿಡಿಸಿದ್ದೇನೆ. ಆ ಸಲುಗೆಯಲ್ಲಿ ಒಂದು ಹೆಜ್ಜೆ ಇಟ್ಟೆ.

"ಮೇಡಂ, ಡಾಗ್ ಅಲೋ ಇಲ್ಲ" ಎಂದ ಸೆಕ್ಯೂರಿಟಿ.

ಎಕರೆಗಟ್ಟಲೆ ಉತ್ತವರ ಸೊಸೆ, ಒಂದು ಮರಿಯ ಉಚ್ಚೆಗೆ ಆಗುವಷ್ಟು ನೆಲ ಸಿಗದೆ ನಡುಬೀದಿಯಲ್ಲಿ ನಿಂತಿದ್ದೆ. ಕೆಂಚ ಮಾತ್ರ ನನ್ನ ತೋಳಿನಲ್ಲಿ ಮೂಗೆತ್ತಿ ಗಾಳಿಯನ್ನು ಮೂಸುತ್ತಿದ್ದ. ಕೆರೆಯ ಕಡೆಯಿಂದ ಗಾಳಿ ಬೀಸಿದರೆ ನಾವೆಲ್ಲ ಕಿಟಕಿ ಮುಚ್ಚುವವರು. ಅವನಿಗೆ ಆ ನಾತದಲ್ಲೂ ಏನೇನೋ ಸುದ್ದಿಯಿತ್ತು. ಮೂಗಿನ ಹೊಳ್ಳೆಗಳು ಒಂದೊಂದೂ ಬೇರೆ ಬೇರೆಯಾಗಿ ಅದುರುತ್ತಿದ್ದವು, ಕಿವಿ ನೆಟ್ಟಗಾಗಿತ್ತು. ಹುಟ್ಟಿ ಇನ್ನೂ ವಾರಗಳಷ್ಟೇ ಆದ ಈ ಜೀವಕ್ಕೆ ನನಗೆ ಕಾಣದ ಒಂದು ಲೋಕವೇ ತೆರೆದಿದೆಯಲ್ಲ ಎಂದು ನಾನು ಅವನ ಮೂಗನ್ನೇ ನೋಡುತ್ತ ನಿಂತುಬಿಟ್ಟೆ. ಅಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ನೈಟಿ ಬದಲಾಯಿಸಲು ಒಳಗೆ ಬಂದೆ.

ಮಣ್ಣನ್ನು ಅವನೇ ಹುಡುಕಿಕೊಂಡ. ಮನೆಯ ಹಿಂದೆ, ಟೈಲ್ಸಿನ ನಡುವೆ ಬಿಟ್ಟ ಸಣ್ಣ ಚೌಕದಲ್ಲಿ ಅತ್ತೆಯ ಕರಿಬೇವಿನ ಗಿಡವಿತ್ತು. ಅವನು ಅದರ ಬುಡಕ್ಕೆ ನಿತ್ಯವೂ ನೀರು ಹಾಕತೊಡಗಿದ. ಅತ್ತೆಗೆ ತಿಳಿದ ದಿನ ಒಗ್ಗರಣೆಗೆ ಇಟ್ಟಿದ್ದ ಎಲೆಯನ್ನೆಲ್ಲ ತಂದು ನನ್ನ ಮುಂದೆ ಸುರಿದರು. ಅದಕ್ಕೂ ಮುಂಚಿನ ಅಷ್ಟು ದಿನದ ಸಾರನ್ನು ನಾವೆಲ್ಲ ಚಪ್ಪರಿಸಿದ್ದೇವೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಗ ನನ್ನ ಗಂಡ ಗಾರೆಯವರನ್ನು ಕರೆಸಿ, ಹಿಂದಿನ ನೀರಿನ ಸಂಪಿನ ಪಕ್ಕದ ಮೂಲೆಯಲ್ಲಿ ಒಂದಿಷ್ಟು ಟೈಲ್ಸು ಒಡೆಸಿದರು. ಕೆಳಗಿನ ಕಾಂಕ್ರೀಟು ಕಿತ್ತಾಗ ಕೆಂಪು ಮಣ್ಣು ಬಂತು. ಅಷ್ಟು ವರ್ಷ ಬಿಸಿಲು ಕಾಣದೆ ಮುಚ್ಚಿಟ್ಟ ಮಣ್ಣು ಇನ್ನೂ ಮೆತ್ತಗೆ, ತಣ್ಣಗೆ ಇತ್ತು. ಬೈಯಲು ಬಂದ ಅತ್ತೆ ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. "ಇಲ್ಲೇ ಕಣೇ ನಮ್ಮ ಕಣ ಇದ್ದದ್ದು. ರಾಗಿ ಒಕ್ಕಣೆ ಇಲ್ಲೇ ಆಗ್ತಿತ್ತು" ಎಂದರು. ಕೆಂಚ ಅವರ ಸೆರಗಿನ ಪಕ್ಕದಿಂದ ನುಗ್ಗಿ ಆ ಮಣ್ಣನ್ನು ಮೂಸಿ, ಕೆದರಿ, ಮೂಗನ್ನು ಪೂರ್ತಿ ಹೂತು, ಆಮೇಲೆ ಗಂಭೀರವಾಗಿ ಕೂತು ಕೆಲಸ ಮುಗಿಸಿದ. ನಾವು ನಾಲ್ಕೂ ಜನ ಯಾವುದೋ ದೇವರ ಅಭಿಷೇಕ ನೋಡುವವರ ಹಾಗೆ ಸುತ್ತ ನಿಂತು ನೋಡಿದೆವು.

ನಾನು ಹುಟ್ಟಿ ಬೆಳೆದದ್ದು ಹೂಡಿಯಲ್ಲಿ. ಅಲ್ಲಿ ನಮ್ಮ ತಾತನ ಹತ್ತಿರ ಕರಿಯ ಎಂಬ ನಾಯಿಯಿತ್ತು. ಅದಕ್ಕೆ ಯಾರೂ ಏನನ್ನೂ ಕಲಿಸಲಿಲ್ಲ. ಸಂಜೆ ಅಜ್ಜಿ ಎಸೆದ ಮುದ್ದೆ ತುಣುಕನ್ನು ಗಾಳಿಯಲ್ಲೇ ಹಿಡಿದು ತಿಂದು, ಹಿತ್ತಲ ಹುಲ್ಲಿನ ಬಣವೆಯ ಕೆಳಗೆ ಮಲಗುತ್ತಿತ್ತು. ನಾವು ಮಕ್ಕಳು ಶಾಲೆಗೆ ಹೊರಟರೆ ರೈಲ್ವೆ ಗೇಟಿನ ತನಕ ಬಂದು, ನಾವು ಹಳಿ ದಾಟುವುದನ್ನು ನೋಡಿಕೊಂಡು ತಿರುಗಿ ಹೋಗುತ್ತಿತ್ತು. ಭಾನುವಾರ ಮಾತ್ರ ಏಳುತ್ತಲೇ ಇರಲಿಲ್ಲ. ಭಾನುವಾರವೆಂದು ಅದಕ್ಕೆ ಹೇಗೆ ಗೊತ್ತಾಗುತ್ತಿತ್ತು? ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಂಥ ಬೆರಗಿನ ಪಕ್ಕದಲ್ಲೇ ಜಡೆ ಹಾಕಿಸಿಕೊಂಡು, ತಲೆ ಬಾಗಿಸಿ ಮಗ್ಗಿ ಒಪ್ಪಿಸುತ್ತ ಕೂತಿದ್ದೆ.

ಕೆಂಚನ ಸಂಗತಿಯಲ್ಲಿ ಬೆರಗು ನನ್ನ ಕಣ್ಣೆದುರೇ ನಡೆಯಿತು. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಅವನು ಎದ್ದು ಬಾಗಿಲ ಹತ್ತಿರ ಹೋಗಿ ಕೂತ. ಅಲ್ಲಿಂದ ತಿರುಗಿ ನನ್ನನ್ನು ನೋಡಿದ. ಬೊಗಳಲಿಲ್ಲ, ಕುಂಯ್ ಎನ್ನಲಿಲ್ಲ. ನೋಡಿದ, ಬಾಗಿಲನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ನನಗೆ ಮೈ ಜುಮ್ಮೆಂದಿತು. ಒಳಗು ಬೇರೆ, ಹೊರಗು ಬೇರೆ ಎಂದು ಇವನಿಗೆ ಹೊಳೆದಿದೆ. ತೆರೆಯುವವಳು ನಾನು ಎಂದು ಹೊಳೆದಿದೆ. ಕಾದರೆ ತೆರೆಯುತ್ತಾಳೆ ಎಂಬ ನಂಬಿಕೆ ಬೇರೆ ಬಂದಿದೆ! ಎಷ್ಟೋ ಮಕ್ಕಳಿಗೆ ಏನೇನೋ ಕಲಿಸಿದ್ದೇನೆ, ಅದು ಅವರ ತಲೆಯೊಳಗೆ ಇಳಿಯುವ ಗಳಿಗೆಯನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದಿಲ್ಲ. ಬಾಗಿಲು ತೆಗೆದು ಅವನ ಹಿಂದೆ ಓಡಿದೆ. ದೋಸೆ ಕರಿಕಲಾಯಿತು, ನನ್ನ ಗಂಡ ಅದನ್ನೇ ತಿಂದರು.

ಅದಾದ ಮೇಲೆ ಮರ್ಯಾದೆಯ ಪಾಠ. ಬಟ್ಟಲು ಕಂಡೊಡನೆ ನುಗ್ಗಿ ಅನ್ನ ಚೆಲ್ಲುತ್ತಿದ್ದವನಿಗೆ ಕೂರುವುದು, ಕಾಯುವುದು ಕಲಿಸಬೇಕಿತ್ತು. ಇಂಗ್ಲಿಷಿನಲ್ಲಿ ಹೇಳಬೇಕೋ ಕನ್ನಡದಲ್ಲೋ ಎಂದು ಮನೆಯಲ್ಲಿ ಚರ್ಚೆಯಾಗಿ ಕನ್ನಡ ಗೆದ್ದಿತು. ಸಿಂಚನಾ ಬಿಸ್ಕತ್ತನ್ನು ನೆಲದ ಮೇಲಿಟ್ಟು "ಇರು" ಎನ್ನುವಳು. "ತಗೋ" ಎಂದ ಮೇಲೇ ಬಾಯಿ ಹಾಕಬೇಕು. ಮೊದಮೊದಲು "ಇರು" ಎನ್ನುವಷ್ಟರಲ್ಲಿ ಬಿಸ್ಕತ್ತು ಹೊಟ್ಟೆಯಲ್ಲಿರುತ್ತಿತ್ತು. ಬರುಬರುತ್ತ ಅವನು ಕಾದ. ಕಣ್ಣು ಸಿಂಚನಾಳ ಮುಖದ ಮೇಲೆ, ಮೈಯೆಲ್ಲ ನಡುಕ, ಬಾಯಿಂದ ನೂಲಿನ ಹಾಗೆ ಜೊಲ್ಲು. ಆದರೂ ಕಾದ. ಮುಂದೆಯೇ ತಿಂಡಿ ಇಟ್ಟುಕೊಂಡು ನಾನಂತೂ ಅಷ್ಟು ಹೊತ್ತು ಕಾದವಳಲ್ಲ.

ಎಲ್ಲ ಸರಿಹೋಯಿತು ಎನ್ನುವಾಗ ಹಬ್ಬದ ಹಿಂದಿನ ದಿನ ಬಂತು. ಅತ್ತೆ ಬೆಳಿಗ್ಗೆಯಿಂದ ಬಗ್ಗಿ ಹಾಲನ್ನೆಲ್ಲ ಉಜ್ಜಿ ತೊಳೆದಿದ್ದರು. ಮೇಲಿನ ಬಾಡಿಗೆಯವರ ಮನೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಪಟಾಕಿ ಸಿಡಿಸಿದರು. ಕೆಂಚ ಬೆಚ್ಚಿ, ಎಡೆ ಇಡುವ ಜಾಗದಲ್ಲೇ ಉಚ್ಚೆ ಹೊಯ್ದುಕೊಂಡ. ಅತ್ತೆ ಕೂಗಾಡಲಿಲ್ಲ. ಫೋನ್ ತೆಗೆದುಕೊಂಡು ತಮ್ಮನಿಗೆ, "ನಾರಾಯ್ಣಪ್ಪಾ, ನಾಳೆ ಬರೋವಾಗ ಸರಪಣಿ ತಗೊಂಡ್ ಬಾ" ಎಂದಷ್ಟೇ ಹೇಳಿ ಮತ್ತೆ ನೆಲ ಒರೆಸಲು ಕೂತರು. ಸಿಂಚನಾ ಊಟ ಬಿಟ್ಟಳು. "ಪಟಾಕಿಗೆ ಹೆದರಿದ್ದು ಅತ್ತೆ, ಮರೆತದ್ದಲ್ಲ" ಎಂದು ನಾನು ಹೇಳಿ ನೋಡಿದೆ. "ಮಾತು ಅಂದ್ರೆ ಮಾತು" ಎಂದರು.

ಹಬ್ಬದ ದಿನ ನಾರಾಯಣಪ್ಪ ತಮ್ಮ ವ್ಯಾನಿನಲ್ಲಿ ಬಂದಿಳಿದರು. ಹೊಸ ಸರಪಣಿಯನ್ನು ಗೇಟಿಗೆ ನೇತುಹಾಕಿ, "ಊಟ ಮುಗುಸ್ಕೊಂಡು ಕರ್ಕೊಂಡ್ ಓಯ್ತೀನಿ ಬಿಡಕ್ಕಾ" ಎಂದರು. ಕೆಂಚನನ್ನು ಹಿಂದಿನ ಮಣ್ಣಿನ ಮೂಲೆಯಲ್ಲಿ ಹಗ್ಗದಲ್ಲಿ ಕಟ್ಟಿದ್ದೆವು. ಹಾಲಿನಲ್ಲಿ ಮಾವನವರ ಫೋಟೋ, ಕಳಶ, ಹೊಸ ಪಂಚೆ. ಅದರ ಮುಂದೆ ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ಕೈಮ ಉಂಡೆ, ವಡೆ, ಕಜ್ಜಾಯ. ಪಕ್ಕದಲ್ಲಿ ಮಾವನವರಿಗೆ ಇಷ್ಟವಾದ ಬೀಡಿಯ ಕಟ್ಟು. ಎಲ್ಲರೂ ಒಬ್ಬೊಬ್ಬರಾಗಿ ಧೂಪ ಹಾಕಿ ಅಡ್ಡಬಿದ್ದೆವು. ಕೊನೆಯಲ್ಲಿ ಅತ್ತೆ ಕೈಮುಗಿದು, ಹೊರಗಿನಿಂದ ಬರುವವರನ್ನು ಕರೆಯುವ ಹಾಗೆ, "ಬನ್ರಪ್ಪಾ, ಬಂದು ಉಣ್ರಪ್ಪಾ" ಎಂದರು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಪೋರ್ಟಿಕೋದಲ್ಲಿ ಕೂತೆವು.

ಸಿಂಚನಾ ಕೊನೆಯ ಸಲ ಅವನ ತಲೆ ಸವರಿ ಬರಲು ಹಿಂದಕ್ಕೆ ಹೋದವಳು ಬಿಳಿಚಿಕೊಂಡು ಬಂದಳು. "ಅಮ್ಮಾ, ಬರೀ ಹಗ್ಗ ಇದೆ."

ಆಗ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಸೇರಿಸಿ ನೋಡಿದರೆ ಆದದ್ದಿಷ್ಟು. ಬೆಳಿಗ್ಗೆ ಮಳೆ ಹನಿದಾಗ ನನ್ನ ಗಂಡ ಅವನನ್ನು ಬಿಚ್ಚಿ ಅಡುಗೆಮನೆಯ ಬಾಗಿಲಲ್ಲಿ ಬಿಟ್ಟಿದ್ದರು. ಮಗಳು ಮತ್ತೆ ಕಟ್ಟಿರುತ್ತಾಳೆಂದು ಅವರು, ನಾನು ಕಟ್ಟಿರುತ್ತೇನೆಂದು ಮಗಳು, ಬಿಚ್ಚಿದ್ದೇ ಗೊತ್ತಿಲ್ಲದೆ ನಾನು. ಅವನು ಹಾಲಿನ ದಿವಾನದ ಕೆಳಗೆ ನುಸುಳಿ ನಿದ್ದೆ ಹೋಗಿರಬೇಕು. ನಾವು ಅವನನ್ನು ಎಡೆಯ ಜೊತೆ ಒಳಗೆ ಹಾಕಿ ಬಾಗಿಲು ಮುಚ್ಚಿದ್ದೆವು.

ಒಳಗೆ ಒಂದು ಇಡೀ ಕುರಿಯ ಸಾರು. ಅತ್ತೆಯ ಮುಖ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ. ನನ್ನ ಗಂಡ ಬಾಗಿಲಿಗೆ ಕೈ ಹಾಕಿದರು. "ಮುಟ್ಬ್ಯಾಡ. ಅವ್ರು ಉಣ್ತಿರೋವಾಗ ಬಾಗ್ಲು ತೆಗೀತಾರೇನೋ?" ಎಂದರು ಅತ್ತೆ. ಎಡೆಗೆ ನಾಯಿ ಬಾಯಿ ಹಾಕಿದರೆ ಆ ವರ್ಷ ಹಿರಿಯರು ಉಪವಾಸ ಹೋದ ಹಾಗೆ. ತನ್ನ ಗಂಡ ಹಸಿದು ತಿರುಗಿ ಹೋಗುತ್ತಾನೆ ಎಂಬ ಭಯ ಆ ಮುದುಕಿಯ ಕಣ್ಣಲ್ಲಿ ಕಂಡಿತು. ಕೆಂಚನ ಕಥೆ ಮುಗಿಯಿತು ಎಂದುಕೊಂಡೆ. ಸರಪಣಿಯಾದರೂ ಉದ್ದವಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ವಾಡಿಕೆಯಷ್ಟು ಹೊತ್ತು ಕಳೆದ ಮೇಲೆ ಅತ್ತೆ ತಾವೇ ಎದ್ದು, ಬಾಗಿಲನ್ನು ಮೂರು ಸಲ ತಟ್ಟಿ ತೆರೆದರು.

ಧೂಪದ ಹೊಗೆ ಇನ್ನೂ ತೇಲುತ್ತಿತ್ತು. ಅದರ ನಡುವೆ ಕೆಂಚ ಎಡೆಯ ಎದುರಿಗೆ ಕೂತಿದ್ದ. ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಮುಂದೆ ಜೊಲ್ಲಿನ ಒಂದು ಪುಟ್ಟ ಕೊಳ. ಎಲೆಯ ಮೇಲೆ ಮುದ್ದೆ ಮುದ್ದೆಯ ಹಾಗಿತ್ತು, ಉಂಡೆ ಉಂಡೆಯ ಹಾಗಿತ್ತು. ನಾವು ಬಂದದ್ದು ಕೇಳಿಸಿತು, ಕಿವಿ ಆಡಿತು. ಆದರೆ ಅವನು ತಿರುಗಲಿಲ್ಲ. ಅವನು ನೋಡುತ್ತಿದ್ದದ್ದು ಎಲೆಯನ್ನಲ್ಲ. ಎಲೆಯ ಆಚೆ, ಹೊಸ ಪಂಚೆ ಇಟ್ಟಿದ್ದ ಕಡೆ, ತಲೆಯೆತ್ತಿ ನೋಡುತ್ತಿದ್ದ. "ತಗೋ" ಎನ್ನಲಿ ಎಂದು ಕಾಯುವಾಗ ಸಿಂಚನಾಳ ಮುಖವನ್ನು ಹಾಗೇ ನೋಡುತ್ತಿದ್ದ.

ನನ್ನ ಕೈಯ ಕೂದಲೆಲ್ಲ ನಿಮಿರಿತ್ತು. ಆಮೇಲೆ ಕೆಂಚ ಎದ್ದು, ಎಲೆಗೆ ಬಾಲವೂ ತಾಗದ ಹಾಗೆ ಸುತ್ತಿ ಬಂದು, ನಮ್ಮ ಕಾಲುಗಳ ನಡುವೆ ತೂರಿ, ಹೊಸ್ತಿಲು ಹಾರಿ ಹಿಂದಕ್ಕೆ ಓಡಿದ. ನಾವು ಹೋಗಿ ನೋಡಿದರೆ ಮಣ್ಣಿನ ಮೂಲೆಯಲ್ಲಿ ಕಣ್ಣು ಅರೆಮುಚ್ಚಿ ನಿಂತಿದ್ದ. ಮುಗಿಯುವ ಲಕ್ಷಣವೇ ಕಾಣಲಿಲ್ಲ, ಅಷ್ಟನ್ನು ತಡೆದುಕೊಂಡಿದ್ದ.

"ಧೂಪದ ಘಾಟಿಗೆ ಮೂಗು ಕಟ್ಟಿರ್ಬೇಕು" ಎಂದರು ನನ್ನ ಗಂಡ. "ಟ್ರೇನಿಂಗ್ ಅಪ್ಪಾ ಅದು" ಎಂದಳು ಸಿಂಚನಾ, ಅಳುತ್ತ. ನಾರಾಯಣಪ್ಪ ಕೋಳಿ ಫಾರಂನ ನಾಯಿಗಳನ್ನು ನೆನೆದು ತಲೆ ಅಲ್ಲಾಡಿಸುತ್ತಲೇ ಇದ್ದರು. ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆಯೂ ಇಲ್ಲ. ಅತ್ತೆ ಎಡೆಯ ತುಣುಕನ್ನು ಮಹಡಿಗೆ ಒಯ್ದು ಕಾಗೆಗೆ ಇಟ್ಟು ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

ಊಟಕ್ಕೆ ಹಾಲಿನಲ್ಲಿ ಸಾಲಾಗಿ ಎಲೆ ಹಾಕಿದೆ. ಅತ್ತೆ ಸಾಲನ್ನೊಮ್ಮೆ ನೋಡಿ, "ಇನ್ನೊಂದು ಎಲೆ ಆಕು" ಎಂದರು. ಅವರ ಎಲೆಯ ಪಕ್ಕದಲ್ಲೇ ಹಾಕಿದೆ. ಅತ್ತೆ ತಾವೇ ಹಿಂದಕ್ಕೆ ಹೋಗಿ ಅವನನ್ನು ಕರೆತಂದು, ಕಾಲು ಒರೆಸಿ ಎಲೆಯ ಮುಂದೆ ಕೂರಿಸಿದರು. ಮುದ್ದೆ ಮುರಿದು, ಮೂಳೆಯಿಲ್ಲದ ತುಂಡುಗಳನ್ನು ಆರಿಸಿ, ಖಾರ ಹೋಗಲೆಂದು ನೀರಿನಲ್ಲಿ ಅದ್ದಿ ಬಡಿಸಿದರು. ಕೆಂಚ ನಡುಗುತ್ತ ಅವರ ಮುಖವನ್ನೇ ನೋಡುತ್ತಿದ್ದ.

"ಉಣ್ಣಪ್ಪಾ" ಎಂದರು ಅತ್ತೆ.

ಅವನು ಕದಲಲಿಲ್ಲ.

"ಅಜ್ಜಿ, ತಗೋ ಅನ್ಬೇಕು" ಎಂದು ಸಿಂಚನಾ ಪಿಸುಗುಟ್ಟಿದಳು.

"ನಮ್ಮನೇಲಿ ಎಲೆ ಮುಂದೆ ಕುಂತೋರ್ಗೆ ಅಂಗೆಲ್ಲ ಅನ್ನಲ್ಲ ಕಣೇ" ಎಂದರು ಅತ್ತೆ. ಅವನ ಬೆನ್ನ ಮೇಲೆ ಕೈಯಿಟ್ಟು, ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ, "ಉಣ್ಣಪ್ಪಾ" ಎಂದರು.

ಕೆಂಚ ತಲೆ ತಗ್ಗಿಸಿ ಉಣ್ಣತೊಡಗಿದ. ಅವನು ಮುಗಿಸುವ ತನಕ ಅತ್ತೆ ತಮ್ಮ ಎಲೆಯನ್ನು ಮುಟ್ಟಲಿಲ್ಲ, ನಾವೂ ಮುಟ್ಟಲಿಲ್ಲ.